ಗಾಜಿಗೆ ಸಿಹಿನೀರು

ಪಾವಗಡ ದಾಟಿ ನಾಗಲಮಡಿಕೆ ಕಡೆಗೆ ಹೊರಟವನು ಸೋಲಾರ್ ಪಾರ್ಕಿನ ಗೇಟಿನೆದುರು ಟೀ ಅಂಗಡಿಯಲ್ಲಿ ನಿಂತೆ. ಕುಡಿಯಲು ನೀರು ಕೇಳಿದರೆ ಅಂಗಡಿಯಾಕೆ, “ಬ್ಯಾಡ ಕಣಪ್ಪ, ಬೋರ್ ನೀರು. ಫ್ಲೋರೈಡು. ನಮ್ ಹಲ್ಲು ನೋಡು,” ಎಂದು ಕಂದುಗಟ್ಟಿದ ಹಲ್ಲು ತೋರಿಸಿದರು.

ಅಷ್ಟರಲ್ಲಿ ಫಿಲ್ಟರ್ ನೀರಿನ ಟ್ಯಾಂಕರೊಂದು ಗೇಟಿನೊಳಗೆ ಹೋಯಿತು. ಕೆಲಸದವರು ಕುಡಿಯಲಿಕ್ಕಿರಬೇಕು ಎಂದೆ.

“ಅವ್ರಿಗಲ್ಲ, ಪ್ಯಾನೆಲ್ ತೊಳ್ಯಾಕೆ. ಬೋರ್ ನೀರು ಬಿದ್ರೆ ಗಾಜಿನ ಮ್ಯಾಲೆ ಕಲೆ ಕೂತ್ಕತದಂತೆ.”

ಪ್ಯಾನೆಲ್ ತೊಳೆದು ಹೊರಬಂದ ಹೆಂಗಸೊಬ್ಬಳನ್ನು ಗೇಟಿನ ಕಾವಲುಗಾರ ತಡೆದ. ಅವಳ ಬಾಟಲಿ ಬಿಚ್ಚಿ ನೀರನ್ನು ನೆಲಕ್ಕೆ ಸುರಿದ. “ಟ್ಯಾಂಕರ್ ನೀರು ಆಚೆಗೆ ತಗಂಡೋಗಂಗಿಲ್ಲ ಅಂತ ಎಷ್ಟು ಸತಿ ಹೇಳ್ಬೇಕಮ್ಮ?”

“ನನಗಲ್ಲಣ್ಣ. ಮಗೀಗೆ ಹೊಸ ಹಲ್ಲು ಬತ್ತಾವೆ.”

ನನಗೆ ತಡೆಯಲಾಗಲಿಲ್ಲ. ದೇಶದ ನಾಳೆಗೆ ಹಸಿರು ಕರೆಂಟು ಎಂದು ಗೇಟಿನ ಮೇಲೆ ಬೋರ್ಡು ಬರೆಸಿದವರಿಗೆ, ಗೇಟಿನಾಚೆ ಒಂದು ನಲ್ಲಿ ಹಾಕಿಸಲು ತೋಚಲಿಲ್ಲವೇ? ಗೇಟಿಗೆ ಹೋಗಿ ಕಾವಲುಗಾರನನ್ನೇ ಕೇಳಿದೆ.

“ನಾನೇನ್ ಮಾಡ್ಲಿ ಸಾ, ಕ್ಯಾಮೆರಾದಾಗೆ ನೋಡ್ತಾ ಇರ್ತಾರೆ,” ಎಂದ. ಅವನ ಹಲ್ಲುಗಳೂ ಕಂದುಗಟ್ಟಿದ್ದವು. ಅವನ ಬೆನ್ನ ಹಿಂದೆ ಗುಡ್ಡದವರೆಗೂ ಹರಡಿದ್ದ ಗಾಜಿನ ಮೇಲೆ ಒಂದು ಕಲೆಯೂ ಇರಲಿಲ್ಲ.