ಪಿಚ್ಚೈಯಮ್ಮಾಳ್ ಸಾಕಿದ ಮೀನುಗಳು

ಕೊಂಬೈ ಊರಿನ ಪಿಚ್ಚೈಯಮ್ಮಾಳದು ಕೈ ದೊಡ್ಡದು. ಸಾರು ಬಡಿಸಿದರೆ ತಟ್ಟೆ ತುಂಬಿ ನೆಲಕ್ಕೆ ಹರಿಯಬೇಕು. ಕರು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದದ್ದಷ್ಟೇ ಮನೆಗೆ ಹಾಲು. ಗಂಡ ಇದ್ದಾಗ ಇದಕ್ಕೇ ಬೈಯುತ್ತಿದ್ದ, ಪಾಪ, ಬೈಯುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಿದ್ದ. ಅವನ ಮಾತು ಇರಲಿ, ಮೀನಿನ ವಿಷಯಕ್ಕೆ ಬರೋಣ.

ಅವಳ ವಾರಗಿತ್ತಿ ಗೋವಿಂದಮ್ಮಾಳ್ ಹೊಲದ ಮೂಲೆಯಲ್ಲಿ ಹೊಂಡ ತೋಡಿಸಿ ಕಟ್ಲಾ, ರೋಹು ಮೀನಿನ ಮರಿ ಬಿಟ್ಟಳು. ನೋಡಿಕೊಳ್ಳುವ ಕೆಲಸ ಪಿಚ್ಚೈಯಮ್ಮಾಳಿಗೆ ಬಂತು. ಹುಟ್ಟಿದಾಗಿನಿಂದ ಹಸುಗಳ ನಡುವೆ ಬೆಳೆದವಳು. ಮೀನನ್ನು ಸಾರಿನಲ್ಲಿ ಕಂಡಿದ್ದಳೇ ಹೊರತು ಸಾಕಿದವಳಲ್ಲ. ಆದರೂ ಹೆದರಲಿಲ್ಲ. ಕಣ್ಣಿದೆ, ಬಾಯಿದೆ, ಕೆಂಪು ರಕ್ತವಿದೆ, ತಿನ್ನುವಾಗ ಉದ್ದಕ್ಕೂ ಬೆನ್ನೆಲುಬು ಸಿಗುತ್ತದೆ. ಕರುವಿಗಿಂತ ಏನು ಬೇರೆ?

ನೀರಿಗೆ ಸಗಣಿ ಹಾಕಿದರೆ ಹಸಿರು ಕಟ್ಟುತ್ತದೆ, ಅದರಿಂದ ಮೀನಿಗೆ ಮೇವಾಗುತ್ತದೆ, ವಾರಕ್ಕೊಂದು ಬುಟ್ಟಿ ಸಾಕು ಎಂದು ಮರಿ ಕೊಟ್ಟವರು ಹೇಳಿದ್ದರು. ವಾರಕ್ಕೊಂದು ಬುಟ್ಟಿಯೆಂದರೆ ಅವಳಿಗೆ ಹಸಿದ ಮಕ್ಕಳ ಮುಂದೆ ಒಂದೇ ತುತ್ತು ಇಟ್ಟ ಹಾಗೆ. ಯಾರಿಗೂ ಹೇಳದೆ ದಿನಾ ಸಂಜೆ ಒಂದು ಬುಟ್ಟಿ ಸುರಿದಳು.

ಸ್ವಲ್ಪ ದಿನಕ್ಕೆ, ಬೆಳಗ್ಗೆ ಹೋದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ನಿಂತಿರುತ್ತಿದ್ದವು, ಕೊಟ್ಟಿಗೆಯ ಕರುಗಳು ಮೂತಿ ಎತ್ತುವ ಹಾಗೆ. ಬೀದಿಯ ಹೆಂಗಸರನ್ನೆಲ್ಲ ಕರೆತಂದು ತೋರಿಸಿದಳು.

"ನೋಡ್ರೇ, ನನ್ ಕಾಲ್ ಸದ್ದು ಕೇಳಿದ್ರೆ ಸಾಕು, ಬತ್ತವೆ."

"ನಿನ್ ಗಂಡ್ನೂ ಹಿಂಗೇ ಬಾಯ್ ಬಿಡ್ಕೊಂಡ್ ನಿಂತಿರ್ತಿದ್ದ, ಅಕ್ಕಾ!"

ನಕ್ಕಿದ್ದೇ ನಕ್ಕಿದ್ದು.

ಮೋಡ ಕವಿದ ಒಂದು ಬೆಳಗ್ಗೆ ಪಾಂಡೀಶ್ವರಿ ಬಂದಳು. ಆಂಡಿಪಟ್ಟಿಗೆ ಮದುವೆ ಮಾಡಿ ಕೊಟ್ಟ ನಮ್ಮವರ ಹುಡುಗಿ, ಸ್ಕೂಟರಿನಲ್ಲಿ ಮೀನು ಒಯ್ದು ಮಾರುವವಳು. ಆ ಹೊತ್ತಿಗೆ ಹತ್ತಾರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ಬಾಯಿ ಬಿಡುತ್ತಿದ್ದವು.

"ಅಯ್ಯೋ ದೊಡ್ಡವ್ವಾ, ಇವು ಉಸ್ರು ಕಟ್ಟಿ ಬಾಯ್ ಬಿಡ್ತಾವೆ!"

ಸತ್ತ ಮೀನೊಂದನ್ನು ಎತ್ತಿ ಕೆನ್ನೆಯ ಮುಚ್ಚಳ ತೆರೆದಳು. ಕಿವಿರಿನ ಎಳೆಗಳು ಬಣ್ಣಗೆಟ್ಟಿದ್ದವು.

"ನಮ್ಗೆ, ಕರೂಗೆ ಎದೇಲಿ ಆಗೋ ಕೆಲ್ಸ ಮೀನ್ಗೆ ಇಲ್ಲಿ. ಬಾಯಾಗೆ ನೀರ್ ತಕ್ಕೊಂಡು ಇಲ್ಲಿಂದ ಬಿಡ್ತದೆ. ನೀರಾಗ್ ಕರ್ಗಿರೋ ಗಾಳೀನ ಈ ಎಳೆ ಹೀರ್ಕೊತವೆ. ಸಗಣಿ ಕೊಳ್ಯೋಕೂ ಅದೇ ಗಾಳಿ ಬೇಕು. ರಾತ್ರಿಯೆಲ್ಲ ಈ ಹಸ್ರೂ ಅದ್ನೇ ಎಳೀತದೆ. ಬೆಳಿಗ್ಗೆಗೆ ಏನ್ ಉಳೀತದೆ? ಸಗಣಿ ಎಷ್ಟ್ ಹಾಕ್ದೆ?"

ಪಿಚ್ಚೈಯಮ್ಮಾಳ್ ಬದಿಯಲ್ಲಿದ್ದ ಬುಟ್ಟಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿದಳು.

"ನೀರ್ಗೆ ಗಾಳಿ ಸೇರ್ಬೇಕು, ಎತ್ತಿ ಸುರ್ಯೋಕೆ ಎಲ್ಲಿಂದಾದ್ರೂ ಎಂಜಿನ್ ತತ್ತೀನಿ" ಎಂದು ಪಾಂಡೀಶ್ವರಿ ಹೊರಟಳು.

ಅಷ್ಟು ದಿನ ಬೀದಿಯನ್ನೆಲ್ಲ ಕರೆದು ತೋರಿಸಿದ್ದು ಮೀನುಗಳ ಸಂಕಟವನ್ನು. ನೆನೆದು ಪಿಚ್ಚೈಯಮ್ಮಾಳ್ ನಾಚಿಕೆಯಿಂದ ಕುಗ್ಗಿದಳು.

ಅಷ್ಟರಲ್ಲಿ ಗೋವಿಂದಮ್ಮಾಳ್ ಓಡಿ ಬಂದಳು. ನೀರು ನೋಡಿದವಳೇ ಪಕ್ಕದ ಹೊಲದಲ್ಲಿದ್ದ ಮಾಯಾಂಡಿಯ ಮೇಲೆ ಹರಿಹಾಯ್ದಳು. ಹಿಂದಿನ ದಿನ ಅವನು ಟೊಮೇಟೊಗೆ ಹುಳದ ಮದ್ದು ಹೊಡೆದಿದ್ದ.

"ಕ್ಯಾನ್ ತೊಳ್ದು ನನ್ ನೀರ್ಗೇ ಹುಯ್ದೆ ಅಲ್ವೇನೋ!"

"ನಾನ್ಯಾಕಮ್ಮಾ ಹುಯ್ಲಿ? ನಮ್ ಬದೀನಾಗೇ ತೊಳ್ದೆ."

"ಹಂಗಾದ್ರೆ ಹಸು ಮೇಲೆ ಕೈ ಮಡಗಿ ಸತ್ಯ ಮಾಡು!"

ಜನ ಸೇರಿದ್ದರು. ಪಿಚ್ಚೈಯಮ್ಮಾಳ್ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದಳು. ಬೀದಿಯ ಹೆಂಗಸರ ಮುಖ ಕಾಣುತ್ತಿತ್ತು. ಮಾಯಾಂಡಿ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಬದುವಿನ ಮೇಲೆ ಕಟ್ಟಿದ್ದ ಪಿಚ್ಚೈಯಮ್ಮಾಳದೇ ಹಸುವಿನ ಹತ್ತಿರ ಹೋದ. ತಪ್ಪೇ ಮಾಡದವನು ಅದರ ಬೆನ್ನ ಮೇಲೆ ಕೈಯಿಟ್ಟ.

"ತೆಗಿ ತಮ್ಮಾ ಕೈಯ" ಎಂದಳು ಪಿಚ್ಚೈಯಮ್ಮಾಳ್. "ನಾನೇ. ದಿನಾ ಒಂದ್ ಬುಟ್ಟಿ ಸಗಣಿ ಸುರ್ದೆ. ಅದ್ಕೇ ಉಸ್ರಿಲ್ದೆ ಸತ್ತವೆ."

ಗೋವಿಂದಮ್ಮಾಳ್ ನೆಲ ನೋಡಿದಳು.

"ಮೊದ್ಲೇ ಗೊತ್ತಿತ್ತಾ, ಅಕ್ಕಾ?" ಮಾಯಾಂಡಿ ಮೆಲ್ಲಗೆ ಕೇಳಿದ.

"ಹೂಂ."

"ನಾನ್ ಚಪ್ಲಿ ಬಿಡೋವಾಗ್ಲೂ?"

"ಆಗ್ಲೂ, ತಮ್ಮಾ."

ಅವನು ಹೋಗಿ ತನ್ನ ಬೋರಿನ ಮೋಟರು ಹಾಕಿ, ಪೈಪು ಎಳೆದು ತಂದ. ಅವಳು ಅದನ್ನು ಇಸಿದುಕೊಂಡು ನೀರು ಎತ್ತರದಿಂದ ಬೀಳುವಂತೆ ಹಿಡಿದಳು. ಬದುಕಿದ್ದ ಮೀನುಗಳು ಅಲ್ಲಿಗೇ ಬಂದು ಸೇರಿದವು. ಪಾಂಡೀಶ್ವರಿ ಎಂಜಿನ್ ತರುವವರೆಗೂ ಅವಳು ಹಾಗೇ ನಿಂತಿದ್ದಳು, ರಟ್ಟೆ ಸೋತರೂ. ಮಾಯಾಂಡಿ ಪಕ್ಕದಲ್ಲೇ ಕೂತಿದ್ದ. ಕೊಡು ಅಕ್ಕಾ, ನಾನು ಹಿಡಿಯುತ್ತೇನೆ ಎನ್ನಲಿಲ್ಲ.