ಹೋಳಿಗೆಯ ಕಟ್ಟು, ವಿಸ್ಕಿಯ ನೊರೆ

ಊಟದ ಡಬ್ಬಿಯ ಮುಚ್ಚಳ ಟಣ್ಣೆಂದು ಹಾರಿತು. ಲಿಂಗಣ್ಣನ ಮೀಸೆಯಿಂದ ಬನಿಯನ್ನಿಗೆ ವಿಸ್ಕಿಯ ನೊರೆ ಇಳಿಯುತ್ತಿರುವಾಗಲೇ ಬೀಗರು ಬಾಗಿಲಲ್ಲಿ ನಿಂತಿದ್ದರು.

"ದಾಡಿ ಮಾಡ್ಕೊಳ್ಳಾಕತ್ತೀರೇನ್ರಿ?" ಎಂದರು ಸುರಪುರದ ಬಸವಕುಮಾರ. "ಸಾಬೂನಿನ ವಾಸನಿ ಭಾರಿ ಐತಲ್ರಿ!"

ಲಿಂಗಣ್ಣ ಭೀಮರಾಯನಗುಡಿಯಲ್ಲಿ ಕಾಲುವೆಯ ಗೇಟು ಎತ್ತುತ್ತ, ಇಳಿಸುತ್ತ ನಿವೃತ್ತನಾದವನು. ಮಗಳ ಮದುವೆಯಲ್ಲಿ ಈ ಬೀಗರು ನಾಲ್ಕು ಜನರೆದುರು, "ನಮ್ಮ ಬೀಗರಿಗೆ ವಿಸ್ಕಿ ಕೊಟ್ರೂ ಅಷ್ಟ, ಹೊಲಾ ಕೊಟ್ರೂ ಅಷ್ಟ. ನೀರು ಬಿಡೋದೊಂದ ಗೊತ್ತು" ಎಂದಿದ್ದರು. ಅದರ ಮೇಲೆ ಹೈದರಾಬಾದಿನ ಹೋಟೆಲಿನಲ್ಲಿ ತಾವು ಕುಡಿದ ನೊರೆ ವಿಸ್ಕಿಯ ವರ್ಣನೆ ಬೇರೆ, ಊಟಕ್ಕೆ ಕೂತಾಗಲೆಲ್ಲ. ಬೀಗುವ ಬೀಗರ ಬಾಯಿಗೆ ಇವತ್ತು ಬೀಗ ಬೀಳಲೇಬೇಕು, ಅದೂ ತನ್ನ ಕೈಯಿಂದ ಎಂದು ಲಿಂಗಣ್ಣ ಹಟ ಹಿಡಿದಿದ್ದ.

ಮೊಬೈಲಿನಲ್ಲಿ ಸಿಕ್ಕ ವಿಧಾನ ಸಲೀಸಾಗಿತ್ತು: ವಿಸ್ಕಿ, ನಿಂಬೆರಸ, ಸಿಹಿ ಪಾಕ. ನೊರೆಗೆ ಮಾತ್ರ ಮೊಟ್ಟೆಯ ಬಿಳಿ ಬೇಕು.

"ಬಾಟ್ಲಿ ಕಂಡೂ ಕಾಣದಂಗ ಇರತೀನಿ," ಎಂದಿದ್ದಳು ಹೆಂಡತಿ ಗೊಲ್ಲಾಳಮ್ಮ. "ತತ್ತಿ ಒಳಗ ಬಂತಂದ್ರ ನೀವೂ ಹೊರಗ, ನಿಮ್ಮ ಬೀಗರೂ ಹೊರಗ."

ಮುಂಜಾನೆ ಅವಳು ಹೋಳಿಗೆಗೆ ಕಡಲೆಬೇಳೆ ಬೇಯಿಸಿ, ಸಾರಿಗೆಂದು ಕಟ್ಟು ಬಸಿದಳು. ಪಾತ್ರೆಯ ತುಂಬ ಬೆಳ್ಳನೆಯ ನೊರೆ! ಲಿಂಗಣ್ಣ ಅವಳ ಬೆನ್ನ ಹಿಂದಿನಿಂದ ಒಂದು ಸೌಟು ಕಟ್ಟು ಎತ್ತಿಕೊಂಡ. ಆರಿಸಿ, ವಿಸ್ಕಿಗೆ ಬೆರೆಸಿ ಡಬ್ಬಿಯಲ್ಲಿ ಕುಲುಕಿದ. ಮೊದಲ ಸಲ ಬೇಳೆಯ ನಾತ. ಆಮೇಲೆ ಹಲ್ಲು ಚುಳುಗುಟ್ಟುವ ಹುಳಿ. "ಬೆಲ್ಲ ಸಾಲವಲ್ದು" ಎಂಬ ದನಿ ಅಡುಗೆಮನೆಯಿಂದ ಬಂತು. ಬೆಲ್ಲ ಬಿತ್ತು. ಅದನ್ನು ಕುಲುಕುವ ಭರದಲ್ಲೇ ಈ ಅಭಿಷೇಕ.

ಲಿಂಗಣ್ಣ ಮೀಸೆ ಒರೆಸಿಕೊಂಡು, ಡಬ್ಬಿಯಲ್ಲಿ ಉಳಿದದ್ದನ್ನು ಸ್ಟೀಲಿನ ಲೋಟಕ್ಕೆ ಸುರಿದು ಬೀಗರ ಮುಂದಿಟ್ಟ. ಬಸವಕುಮಾರ ಮೂಸಿದರು, ಗುಟುಕರಿಸಿದರು, ಹುಬ್ಬೇರಿಸಿದರು. ಹೈದರಾಬಾದಿನ ಸುದ್ದಿಯೇ ಇಲ್ಲ. ಲೋಟದ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದರು.

"ಸೋತೆ ನೋಡ್ರಿ ಬೀಗರ! ಆ ಹೋಟೆಲ್‌ನ್ಯಾಗೂ ಹಿಂಗಿದ್ದಿಲ್ಲ. ಖರೇ ಹೇಳ್ರಿ, ಎಷ್ಟ ಕುಡದು ಕುಡದು ಈ ಹದ ಹಿಡದ್ರಿ?"

ಲಿಂಗಣ್ಣ ಈ ಮಾತಿಗಾಗಿಯೇ ಮದುವೆಯಿಂದ ಕಾದಿದ್ದ. ಎದೆಯುಬ್ಬಿಸಿ ಬಾಯಿ ತೆರೆದ. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ನಾ ಎಲ್ಲಿ ಕುಡೀತೀನ್ರಿ," ಎಂದ ಸಣ್ಣಗೆ. "ಡಾಕ್ಟರು ಬ್ಯಾಡಂದು ವರ್ಷಾತು. ರುಚಿ ನೋಡಿ ಹೇಳಾಕಿ ನಿಮ್ಮ ಬೀಗತಿ."