ಹೆಲ್ಮೆಟ್ಟಿನ ನರ್ಸಮ್ಮ

ನಮ್ಮ ನರ್ಸಮ್ಮ ಜಯಮ್ಮನವರ ಹೆಲ್ಮೆಟ್ಟಿಗೆ ಬಲಗಿವಿಯ ಮೇಲೆ ಒಂದು ಬ್ಯಾಂಡೇಜು ಇತ್ತು. ಹತ್ತಿ ಇಟ್ಟು, ಆಸ್ಪತ್ರೆಯ ಬಿಳಿ ಪ್ಲಾಸ್ಟರನ್ನು ಅಡ್ಡಡ್ಡ ಅಂಟಿಸಿದ್ದರು. ನಾಲೆ ಏರಿಯ ಮೇಲೆ ಸೈಕಲ್ಲಿನಲ್ಲಿ ಬರುವಾಗ ಮೇಕೆಯೊಂದು ಅಡ್ಡ ಬಂದು, ಜಯಮ್ಮನವರು ಹಾರಿ ಕಲ್ಲಿನ ಮೇಲೆ ಬಿದ್ದಿದ್ದರು. "ತಲೆ ಒಡೀಲಿಲ್ಲ ಟೀಚರ್, ಎಲ್ಮೆಟ್ಟು ಒಡೀತು. ಯಾರಿಗೆ ಏಟು ಬಿತ್ತೋ ಅವ್ರಿಗೆ ತಾನೇ ಡ್ರೆಸ್ಸಿಂಗ್ ಮಾಡ್ಬೇಕು?" ಎಂದು ನನಗೆ ವಿವರಿಸಿದ್ದರು.

ಭೇರ್ಯದ ಹತ್ತಿರದ ಹಳ್ಳಿಯ ಹೈಸ್ಕೂಲಿಗೆ ನಾನು ಟೀಚರಾಗಿ ಹೋದಾಗ ಅವರು ಪಕ್ಕದ ಮನೆಯಲ್ಲಿದ್ದರು. ಐದು ಹಳ್ಳಿಗೆ ಅವರೊಬ್ಬರೇ ನರ್ಸು. ಲಸಿಕೆಯ ಡಬ್ಬವನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ, ಅವರ ತಮ್ಮ ತನ್ನ ಮೊಪೆಡ್ ಮಾರಿದಾಗ ಉಳಿದ ಆ ಕೆಂಪು ಹೆಲ್ಮೆಟ್ಟನ್ನು ಹಾಕಿಕೊಂಡು ಹೊರಡುತ್ತಿದ್ದರು. ಅದು ತಲೆಗೆ ದೊಡ್ಡದು. ಒಳಗೊಂದು ಟವೆಲ್ ಮಡಿಸಿ ಇಟ್ಟುಕೊಳ್ಳುತ್ತಿದ್ದರು. ಮೋಟಾರ್ ಬೈಕಿನವರೇ ಹೆಲ್ಮೆಟ್ ಹಾಕದ ಊರಿನಲ್ಲಿ ಸೀರೆ ಉಟ್ಟ ಹೆಂಗಸು ಸೈಕಲ್ ಮೇಲೆ ಹಾಗೆ ಬಂದರೆ ನಾಯಿಗಳೂ ಬೊಗಳುವುದನ್ನು ಮರೆತು ನೋಡುತ್ತಿದ್ದವು.

"ಏನ್ ನರ್ಸಮ್ಮಾರೇ, ಯುದ್ದಕ್ಕೆ ಒಂಟ್ರಾ?" ಎಂದು ಟೀ ಅಂಗಡಿಯಿಂದ ಯಾರೋ ಕೂಗುವರು.

"ಊ ಕಣಪ್ಪ. ನಿನ್ ಮಗೀಗೆ ಸೂಜಿ ಚುಚ್ಚದು ಯುದ್ದವೇ ಅಲ್ವಾ? ಓದ್ಸಲ ನಿನ್ನೆಂಡ್ತಿಗಿಂತ ನೀನೇ ಜಾಸ್ತಿ ಅತ್ತಿದ್ದೆ." ಅಲ್ಲಿಗೆ ಟೀ ಅಂಗಡಿಯೆಲ್ಲ ನಕ್ಕು ಅವರ ಕಡೆಗಾಗುತ್ತಿತ್ತು.

ಆ ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರದ ಸೈಕಲ್ ಬಂದವು. ಮೂರು ನಾಲ್ಕು ಮೈಲಿ ದೂರದ ಹಳ್ಳಿಗಳ ಹುಡುಗಿಯರು ಹೈಸ್ಕೂಲಿನ ಮುಖ ನೋಡಿದ್ದೇ ಆಗ. ತಿಂಗಳೊಳಗೆ ಹುಡುಗನೊಬ್ಬ ಇಳಿಜಾರಿನಲ್ಲಿ ಬಿದ್ದು ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಹೆಡ್‌ಮಾಸ್ಟರು ಹೆದರಿದರು. ಪೋಷಕರ ಸಭೆ ಕರೆದು, "ಸೋಮವಾರದಿಂದ ಹೆಲ್ಮೆಟ್ ಇಲ್ಲದ ಸೈಕಲ್ ಗೇಟಿನೊಳಕ್ಕೆ ಬರಕೂಡದು" ಎಂದು ಸಾರಿದರು. ತಮ್ಮ ಮಾತಿಗೆ ಸಾಕ್ಷಿಯಾಗಿ ಜಯಮ್ಮನವರನ್ನೇ ಕರೆಸಿ ಮೊದಲ ಸಾಲಿನಲ್ಲಿ ಕೂರಿಸಿದ್ದರು.

ಜಯಮ್ಮ ಬ್ಯಾಂಡೇಜಿನ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ನಿಂತರು.

"ಎಲ್ಮೆಟ್ಟು ಒಳ್ಳೇದು ಸಾ. ಆಕ್ಕಳಿ ಅಂತ ಮನೆಮನೆಗೂ ನಾನೇ ಏಳ್ತೀನಿ. ಆದ್ರೆ ಇಲ್ದಿದ್ರೆ ಗೇಟು ಮುಚ್ತೀವಿ ಅಂದ್ರೆ, ಗಂಡೈಕ್ಳು ನಡ್ಕಂಡಾದ್ರೂ ಬತ್ತವೆ. ಎಣ್ಣೈಕ್ಳನ್ನ 'ಸರಿ ಬುಡು, ಮನೇಲಿರು' ಅಂತ ಕೂರುಸ್ಕತಾರೆ. ಆಮೇಲೆ ಮದ್ವೆ. ವರ್ಸದೊಳಗೆ ಒಟ್ಟೆ ಒತ್ಕಂಡು ನನ್ ತಾವ್ಲೇ ಬತ್ತವೆ. ಅಣೆ ಒಡುದ್ರೆ ಒಲ್ಗೆ ಆಕ್ಬೋದು. ಅದುಕ್ಕೆ ಎಲ್ಲಿ ಒಲ್ಗೆ ಆಕ್ಲಿ?"

ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತು. "ಹಣೆಯಲ್ಲ ನರ್ಸಮ್ಮ, ಜೀವವೇ ಹೋದರೆ?"

ಜಯಮ್ಮ ಕಂಕುಳಲ್ಲಿದ್ದ ಹೆಲ್ಮೆಟ್ಟನ್ನು ತೆಗೆದು ಮುಂದೆ ಹಿಡಿದರು. "ಓಗ್ಬೋದು ಸಾ. ಅದುಕ್ಕೇ ನಾನು ಆಕ್ಕಳದು. ಮೊದ್ಲು ದೊಡ್ಡೋರು ಆಕ್ಕಂಡು ತೋರ್ಸಣ. ನೀವೂ ಸೈಕಲ್ಲಲ್ಲೇ ಬತ್ತೀರಲ್ವಾ?"

ಇಡೀ ಸಭೆ ಹೆಡ್‌ಮಾಸ್ಟರ ತಲೆಯನ್ನು ನೋಡಿತು. ಎಡಗಿವಿಯ ಮೇಲಿನ ಉದ್ದ ಕೂದಲನ್ನು ಬೋಳಿನ ಮೇಲಿಂದ ಹಾಯಿಸಿ, ಎಣ್ಣೆ ಹಚ್ಚಿ, ಬಲಗಿವಿಯವರೆಗೆ ತಲುಪಿಸುವುದು ಅವರ ನಿತ್ಯದ ಸಾಧನೆಯಾಗಿತ್ತು. ಆದರೂ ಮಾತಿಗೆ ಕಟ್ಟುಬಿದ್ದು ಸೋಮವಾರ ಹೆಲ್ಮೆಟ್ ಹಾಕಿಕೊಂಡೇ ಬಂದರು. ಪ್ರಾರ್ಥನೆಗೆ ಮುಂಚೆ ಅದನ್ನು ತೆಗೆದಾಗ ಆ ಕೂದಲು ಎಡಭುಜದ ಮೇಲೆ ಜೋತುಬಿತ್ತು. ಮಕ್ಕಳು ನಾಡಗೀತೆಯನ್ನು ಅಷ್ಟು ಕಷ್ಟಪಟ್ಟು ಹಾಡಿದ್ದನ್ನು ನಾನು ಕಂಡಿಲ್ಲ. ಮೂರು ದಿನ ಸಹಿಸಿದರು. ನಾಲ್ಕನೆಯ ದಿನ ನಡೆದು ಬಂದರು. ಗೇಟಿನ ಮಾತನ್ನು ಮತ್ತೆ ಎತ್ತಲಿಲ್ಲ.

ಜಯಮ್ಮ ಮಾತ್ರ ಗೆದ್ದೆನೆಂದು ಸುಮ್ಮನಾಗಲಿಲ್ಲ. ಸೈಕಲ್ ಶಾಪಿನ ಶಿವಣ್ಣನನ್ನು ಕಾಡಿ ಬೇಡಿ ಶನಿವಾರ ಶಾಲೆಗೆ ಕರೆತಂದು, ಸಾಲಾಗಿ ನಿಲ್ಲಿಸಿದ ಸೈಕಲ್‌ಗಳ ಬ್ರೇಕು ನೋಡಿಸುತ್ತಿದ್ದರು. ಸಡಿಲವಾಗಿದ್ದರೆ ಬಿಗಿಯಾಗುವವರೆಗೂ ಬಿಡುತ್ತಿರಲಿಲ್ಲ. ಆ ಹುಡುಗ ಬಿದ್ದ ಇಳಿಜಾರಿನಲ್ಲಿ ಎಲ್ಲರೂ ಇಳಿದು ತಳ್ಳಿಕೊಂಡು ಹೋಗಬೇಕೆಂದು ಮಕ್ಕಳಿಂದ ಆಣೆ ಹಾಕಿಸಿದರು. ನಾನೂ ನನ್ನ ಸೈಕಲ್ ಸವಾರಿಗೆಂದು ಕೃಷ್ಣರಾಜನಗರಕ್ಕೆ ಹೋಗಿ ಹೆಲ್ಮೆಟ್ ತಂದೆ. "ಗಾಡಿ ಯಾವ್ದು ಮೇಡಂ?" ಎಂದ ಅಂಗಡಿಯವನಿಗೆ ನಾಚಿಕೆಯಿಂದ "ಸ್ಕೂಟರ್" ಎಂದು ಸುಳ್ಳು ಹೇಳಿದ್ದೆ. ಕೇಳಿ ಜಯಮ್ಮ ಬಿದ್ದು ಬಿದ್ದು ನಕ್ಕರು.

ಎರಡು ವರ್ಷದ ಮೇಲೆ ಅವರಿಗೆ ಪಿರಿಯಾಪಟ್ಟಣದ ಕಡೆಗೆ ವರ್ಗವಾಯಿತು. ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿದ ಕಂಡಕ್ಟರ್ ಕಟ್ಟಿದ ಗಂಟು ಸರಿಯಿಲ್ಲವೆಂದು, ಸೆರಗು ಸಿಕ್ಕಿಸಿ ತಾವೇ ಏಣಿ ಹತ್ತಿ ಬಿಗಿದು ಬಂದರು. "ಬತ್ತೀನಿ ಟೀಚರ್" ಎಂದರು. ಮತ್ತೆ ಬರಲಿಲ್ಲ. ನಾನೂ ಹೋಗಿ ನೋಡಲಾಗಲಿಲ್ಲ.

ಹೊಸ ನರ್ಸು ಬರಲು ಬಹಳ ತಿಂಗಳಾದವು. ಅಲ್ಲಿಯವರೆಗೆ ಜನ ಬೆಳಿಗ್ಗೆ ಬಂದು, ಪಕ್ಕದ ಬಾಗಿಲಿನ ಬೀಗ ನೋಡಿ, ನನ್ನ ಬಾಗಿಲು ತಟ್ಟುತ್ತಿದ್ದರು. "ನರ್ಸಮ್ಮ ಇಲ್ವಾ?" ಮೊದಮೊದಲು ಇಲ್ಲ ಎಂದು ಕಳಿಸುತ್ತಿದ್ದೆ. ಅವರು ಮಗುವನ್ನು ಹೆಗಲಿಂದ ಹೆಗಲಿಗೆ ಬದಲಿಸಿಕೊಂಡು ಹಿಂದಿರುಗುವುದನ್ನು ನೋಡಲಾಗದೆ, "ಏನಾಗಿದೆ? ಒಳಕ್ಕೆ ಬನ್ನಿ" ಎನ್ನಲು ಕಲಿತೆ.